ತಲೆನೋವು ತಲೆಯದ್ದೇ ಆಗಬೇಕೆಂದಿಲ್ಲ

(ಮಹಿಳಾ ಸ್ವ-ಸಹಾಯ ಸಂಘಗಳ ವಲಯ ಒಕ್ಕೂಟದ ಸಭೆಯಲ್ಲಿ ನಮ್ಮ ಆರೋಗ್ಯ ಕಾರ್ಯಕರ್ತೆಯರ ತಂಡದವರು ನೀಡಿದ ಮಾಹಿತಿ. ಸಭೆಗೆ ಬರಲಾಗದ ಸದಸ್ಯರಿಗಾಗಿ ಇಲ್ಲಿ ಕೊಡಲಾಗಿದೆ.)



ಕಳೆದ ಸಭೆಯಲ್ಲಿ ನಾವು ರಕ್ತಹೀನತೆಯ ಬಗ್ಗೆ ಮಾತನಾಡಿದ್ದೆವು. ಸೊಪ್ಪು, ಬೆಲ್ಲ, ಕಬ್ಬಿಣದ ಮಾತ್ರೆ ಎಂದೆಲ್ಲ ಒಂದು ಗಂಟೆ ಹೇಳಿದೆವು. ಮುಗಿದ ಮೇಲೆ ಚಹಾ ಕುಡಿಯುವಲ್ಲಿ ಏಳೆಂಟು ಮಂದಿ ನಮ್ಮ ಸುತ್ತ ನಿಂತರು. ಕೇಳಿದ್ದು ರಕ್ತಹೀನತೆಯ ಬಗ್ಗೆ ಅಲ್ಲವೇ ಅಲ್ಲ. "ಅದು ಬಿಡಿ ಸಿಸ್ಟರ್, ಈ ತಲೆನೋವಿಗೆ ಎಂತ ಮಾಡುದು? ದಿನಾ ಉಂಟು. ಮಾತ್ರೆ ತಿಂದ್ರೆ ಹೋಗ್ತದೆ, ಮರುದಿನ ಪುನಃ ಬರ್ತದೆ." ಒಬ್ಬರು ಹೇಳಿದ ಕೂಡಲೇ ಇನ್ನೊಬ್ಬರು "ನನಗೂ" ಅಂದರು. ಆದ ಕಾರಣ ಈ ಸಲ ತಲೆನೋವನ್ನೇ ತೆಗೆದುಕೊಂಡಿದ್ದೇವೆ. ನಮ್ಮಲ್ಲಿ ಯಾರೂ ಡಾಕ್ಟರಲ್ಲ. ಒಬ್ಬರು ನರ್ಸ್, ಉಳಿದವರು ನಿಮ್ಮ ಹಾಗೆ ಸಂಘದಿಂದಲೇ ಬಂದವರು. ಡಾಕ್ಟರರಿಂದ ಕಲಿತದ್ದನ್ನು, ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ.

ತಲೆನೋವಿಗೆ ಕಾರಣ ನೂರಿದೆ. ಅರೆತಲೆನೋವು ಅಂದರೆ ಮೈಗ್ರೇನ್ ಇದೆ, ಬಿ.ಪಿ. ತೀರಾ ಏರಿದಾಗ ಬರುವುದಿದೆ, ಊಟ ಬಿಟ್ಟರೆ ಬರುತ್ತದೆ, ನಿದ್ದೆಗೆಟ್ಟರೆ ಬರುತ್ತದೆ. ಬೀಡಿ ಕಟ್ಟುವವರಿಗೆ ಹೊಗೆಸೊಪ್ಪಿನ ಧೂಳಿನಿಂದಲೂ ಬರಬಹುದು. ಎಲ್ಲವನ್ನೂ ಹೇಳಹೊರಟರೆ ಯಾವುದೂ ನೆನಪಿರುವುದಿಲ್ಲ. ನಾವು ಇವತ್ತು ಹೇಳುವುದು ಒಂದೇ ಒಂದು ಬಗೆಯ ಬಗ್ಗೆ. ಯಾಕೆಂದರೆ ಅದನ್ನು ಹೆಚ್ಚಿನವರು ಕೇಳಿಯೇ ಇಲ್ಲ, ಮತ್ತು ಕೇಳದೇ ಇದ್ದ ಕಾರಣ ನಮ್ಮದೇ ಒಬ್ಬ ಸದಸ್ಯೆ ಎರಡು ಒಳ್ಳೆಯ ಹಲ್ಲು ಕಳೆದುಕೊಂಡಿದ್ದಾರೆ. ಅದು ದವಡೆಯ ಕೀಲಿನಿಂದ, ದವಡೆಯ ಸ್ನಾಯುಗಳಿಂದ ಬರುವ ತಲೆನೋವು.

ಒಬ್ಬ ಅಕ್ಕನ ಕತೆ

ಆ ಅಕ್ಕನ ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ಅವರನ್ನು ಕೇಳಿಯೇ ಹೇಳುತ್ತಿದ್ದೇವೆ. "ಹೇಳಿ, ಇನ್ನೊಬ್ಬಳ ಹಲ್ಲಾದ್ರೂ ಉಳೀಲಿ" ಎಂದು ಅವರೇ ಅಂದರು.

ಪ್ರಾಯ ನಲವತ್ತರ ಹತ್ತಿರ. ಶಾಲೆಗೆ ಹೋಗುವ ಕಾಲದಿಂದ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡ್ಪೆ ಇಟ್ಟು ಕುತ್ತಿಗೆ ಬಗ್ಗಿಸಿ ಕೂತರೆ ಬ್ರಾಂಚಿಗೆ ಕೊಡುವ ಹೊತ್ತಿನವರೆಗೆ ಏಳುವುದು ಅಪರೂಪ. ಅವರಿಗೆ ಬೆಳಗ್ಗೆ ಏಳುವಾಗಲೇ ತಲೆನೋವು. ಎರಡೂ ಬದಿಯ ಹಣೆ ಹಿಂಡಿದ ಹಾಗೆ. ಕಿವಿಯ ಮುಂದೆ ನೋವು, ಕಿವಿ ಕಟ್ಟಿದ ಹಾಗೆ. ಚಪಾತಿ ಅಗಿದರೆ ಹೆಚ್ಚು. ಮೊದಲು ಬಾಮ್ ತಿಕ್ಕಿ ತಲೆಗೆ ವಸ್ತ್ರ ಬಿಗಿದು ಕಟ್ಟಿದರು. ಅತ್ತೆ ದೃಷ್ಟಿ ತೆಗೆದರು. ಕಿವಿಯ ಡಾಕ್ಟರಲ್ಲಿ ತೋರಿಸಿದರು, ಕಿವಿ ಸರಿಯಿದೆ ಅಂದರು. ಕನ್ನಡಕ ಬಂತು. ಕನ್ನಡಕದಿಂದ ಸೂಜಿಗೆ ದಾರ ಹಾಕುವುದು ಸುಲಭವಾಯಿತು, ತಲೆನೋವು ಹಾಗೇ ಉಳಿಯಿತು. ಅಷ್ಟರಲ್ಲಿ ಅಂಗಡಿಯ ಮಾತ್ರೆ ವಾರಕ್ಕೊಂದು ಇದ್ದದ್ದು ದಿನಕ್ಕೊಂದು, ಆಮೇಲೆ ದಿನಕ್ಕೆ ಎರಡು.

ಮೂರನೆಯ ವರ್ಷ ಮೇಲಿನ ದವಡೆ ಹಲ್ಲಿನಲ್ಲೇ ನೋವು ಎಂದು ಅನ್ನಿಸತೊಡಗಿತು. ಹಲ್ಲು ಕೀಳಿಸಿದರು. ನೋವು ಹೋಗಲಿಲ್ಲ. ಪಕ್ಕದ್ದನ್ನೂ ಕೀಳಿಸಿದರು. ಪ್ರತಿಸಲವೂ ಸಂಘದಿಂದ ಸಾಲ. ನಮ್ಮ ನಿರ್ಣಯ ಪುಸ್ತಕದಲ್ಲಿ "ವೈದ್ಯಕೀಯ ಖರ್ಚು" ಎಂದು ಮೂರು ಕಡೆ ಬರೆದದ್ದು ಇವತ್ತಿಗೂ ಇದೆ. ಮಂಜೂರು ಮಾಡಿ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. "ಒಂದು ಹಲ್ಲು ತೆಗೆದ ಮೇಲೂ ನೋವು ಹೋಗದಿದ್ದರೆ ಎರಡನೆಯದನ್ನು ಯಾಕೆ ತೆಗೆಯಬೇಕು?" ಎಂದು ಯಾರೂ ಕೇಳಲಿಲ್ಲ. ಕಂತು ಸರಿಯಾಗಿ ಕಟ್ಟುತ್ತಾಳೆ, ಕೊಡುವ ಅಂದೆವು. ಸಾಲ ಕೊಡುವುದರಲ್ಲಿ ನಾವು ಹುಷಾರು, ಮನುಷ್ಯರನ್ನು ವಿಚಾರಿಸುವುದರಲ್ಲಿ ಅಷ್ಟು ಹುಷಾರಿರಲಿಲ್ಲ.

ಮೂರನೆಯ ಹಲ್ಲಿಗೆಂದು ಹೋದಾಗ ಬೇರೆ ಆಸ್ಪತ್ರೆಯಲ್ಲಿ ಒಬ್ಬ ಯುವ ಹಲ್ಲಿನ ಡಾಕ್ಟರ್ ಸಿಕ್ಕಿದರು. ಜೊತೆಗೆ ನಮ್ಮ ತಂಡದವರೂ ಹೋಗಿದ್ದೆವು. ಅವರು ಇಕ್ಕಳ ತೆಗೆಯಲಿಲ್ಲ. ಬಾಯಿ ತೆರೆಯಲು ಹೇಳಿ ಎಷ್ಟು ತೆರೆಯುತ್ತದೆ ನೋಡಿದರು. ಕಿವಿಯ ಮುಂದೆ ಬೆರಳಿಟ್ಟು ತೆರೆದು ಮುಚ್ಚಿಸಿದರು. ಆಮೇಲೆ ಕೆನ್ನೆಯನ್ನು, ಹಣೆಯ ಬದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕೇಳಿದರು, "ನಿಮ್ಮ ದಿನದ ತಲೆನೋವು ಇದೇನಾ?" ಅಕ್ಕ "ಇದೇ ಡಾಕ್ಟ್ರೇ, ಇದೇ" ಎಂದವರು ಅತ್ತೇ ಬಿಟ್ಟರು. ನೋವಿಗೆ ಅತ್ತದ್ದಲ್ಲ. ಇಷ್ಟು ವರ್ಷದಲ್ಲಿ ಯಾರೂ ಅಲ್ಲಿ ಮುಟ್ಟಿ ನೋಡಿರಲಿಲ್ಲ.

ಕೀಲು ಎಲ್ಲಿದೆ ನೋಡೋಣ

ಈಗ ಎಲ್ಲರೂ ಕೈಯಲ್ಲಿರುವ ಪುಸ್ತಕ ಕೆಳಗಿಡಿ. ಎರಡೂ ತೋರು ಬೆರಳನ್ನು ಕಿವಿಯ ತೂತಿನ ಸ್ವಲ್ಪ ಮುಂದೆ ಇಟ್ಟು ಬಾಯಿ ತೆರೆಯಿರಿ, ಮುಚ್ಚಿ. ಬೆರಳಿನ ಕೆಳಗೆ ಗುಂಡಗಿನದ್ದೊಂದು ಮುಂದೆ ಜಾರಿ ಹಿಂದೆ ಬರುತ್ತದಲ್ಲ? ಅದೇ ದವಡೆಯ ಕೀಲು. ಬಾಗಿಲಿನ ತಿರುಗಣೆಯ ಹಾಗೆ ಬರೀ ತಿರುಗುವ ಕೀಲಲ್ಲ. ತಿರುಗುತ್ತದೆ, ಜೊತೆಗೆ ಜಾರುತ್ತದೆ. ಮಧ್ಯದಲ್ಲಿ ತೆಳ್ಳಗಿನ ಒಂದು ಮೆತ್ತೆ ಇದೆ. ಬಲ, ಎಡ ಎರಡೂ ಒಂದೇ ಎಲುಬಿನ ಎರಡು ತುದಿ, ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದು ಅಲುಗುವುದಿಲ್ಲ.

ಕೆಲವರಿಗೆ 'ಟಕ್' ಎಂದು ಶಬ್ದ ಬಂದಿರಬಹುದು. ಹೆದರಬೇಡಿ. ನೋವಿಲ್ಲದೆ ಬರೀ ಶಬ್ದ ಬರುವುದು ಬಹಳ ಜನರಲ್ಲಿ ಇದೆ, ಅದಕ್ಕೆ ಚಿಕಿತ್ಸೆ ಬೇಡ.

ಈಗ ಬೆರಳನ್ನು ಮೇಲೆ ತನ್ನಿ, ಕಣ್ಣಿಗೂ ಕಿವಿಗೂ ನಡುವೆ, ಹಣೆಯ ಬದಿಗೆ. ಹಲ್ಲು ಗಟ್ಟಿಯಾಗಿ ಕಚ್ಚಿ. ಬೆರಳಿನಡಿ ಏನೋ ಉಬ್ಬಿತಲ್ಲ? ಆಶ್ಚರ್ಯ ಆಯಿತಾ? ನಮಗೂ ಮೊದಲ ಸಲ ಆಗಿತ್ತು. ಅದು ಅಗಿಯುವ ಸ್ನಾಯು. ಬೀಸಣಿಗೆಯ ಹಾಗೆ ತಲೆಯ ಬದಿಗೆಲ್ಲ ಹರಡಿದೆ, ಅದರ ತುದಿ ಕೆಳಗಿನ ದವಡೆಗೆ ಅಂಟಿದೆ. ಇನ್ನೊಂದು ದಪ್ಪ ಸ್ನಾಯು ಕೆನ್ನೆಯಲ್ಲಿದೆ. ಅಂದರೆ ನಾವು "ತಲೆ" ಎಂದು ತೋರಿಸುವ ಜಾಗದ ಒಂದು ಪಾಲು ನಿಜವಾಗಿ ಅಗಿಯುವ ಯಂತ್ರ. ಇಡೀ ದಿನ ಭತ್ತ ಕೊಯ್ದ ಮರುದಿನ ಸೊಂಟ ಹಿಡಿಯುವುದಿಲ್ಲವೇ? ಹಾಗೆಯೇ ಇಡೀ ರಾತ್ರಿ ಹಲ್ಲು ಕಚ್ಚಿದರೆ ಬೆಳಗ್ಗೆ ಈ ಸ್ನಾಯು ನೋಯುತ್ತದೆ. ನಾವು ಅದಕ್ಕೆ ತಲೆನೋವು ಎಂದು ಹೆಸರಿಡುತ್ತೇವೆ. ಇದು ಹಲ್ಲಿನ ಡಾಕ್ಟರರ ಊಹೆಯಲ್ಲ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ದವಡೆ ಕೀಲಿನ ತೊಂದರೆಯಿಂದ ಬರುವ ತಲೆನೋವಿಗೆ ಪ್ರತ್ಯೇಕ ಜಾಗವಿದೆ.

ಊಟ ಮಾಡುವಾಗ, ಉಗುಳು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಬೇಕಾಗಿಲ್ಲ. ದಿನದ 24 ಗಂಟೆಯಲ್ಲಿ ತಾಗುವ ಹೊತ್ತು ಒಟ್ಟು ಸೇರಿಸಿದರೆ ಕೆಲವು ನಿಮಿಷ ಮಾತ್ರ. ಬಾಯಿ ಮುಚ್ಚಿದ್ದರೂ ಒಳಗೆ ಹಲ್ಲುಗಳ ನಡುವೆ ಸ್ವಲ್ಪ ಸಂದು ಇರಬೇಕು. ಈಗ ನಾವು ಹೇಳಿದ ಕೂಡಲೇ ಎಷ್ಟು ಮಂದಿ ಕಚ್ಚಿದ್ದ ಹಲ್ಲನ್ನು ಸಡಿಲ ಬಿಟ್ಟಿರಿ? ಕೈ ಎತ್ತುವುದು ಬೇಡ, ನಗು ನೋಡಿಯೇ ಗೊತ್ತಾಯಿತು.

ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದರಲ್ಲೂ ಇಪ್ಪತ್ತರಿಂದ ನಲವತ್ತೈದರ ಪ್ರಾಯದವರಲ್ಲಿ. ಸೂಜಿ ಕೆಲಸ, ಬೀಡಿ ಕೆಲಸ ಮಾಡುವಾಗ ಗಮನ ಎಲ್ಲ ಬೆರಳಲ್ಲಿರುತ್ತದೆ, ಹಲ್ಲು ತನ್ನಷ್ಟಕ್ಕೆ ಕಚ್ಚಿಕೊಳ್ಳುತ್ತದೆ. ಕುತ್ತಿಗೆ ಬಗ್ಗಿಸಿಯೇ ಕೂತರೆ ಕುತ್ತಿಗೆ, ಹೆಗಲಿನ ಸ್ನಾಯುಗಳೂ ಬಿಗಿಯುತ್ತವೆ. ಹೊಲಿಯುವವರು ದಾರವನ್ನು ಹಲ್ಲಿನಿಂದ ತುಂಡು ಮಾಡುತ್ತೇವೆ. ಹಾಲಿನ ಪ್ಯಾಕೆಟಿನ ಮೂಲೆ ಹಲ್ಲಿನಿಂದ. ತಲೆ ಬಾಚುವಾಗ ಪಿನ್ನು ಹಲ್ಲಿನಲ್ಲಿ. ಕತ್ತರಿ ಮನೆಯಲ್ಲಿ ಇರುತ್ತದೆ, ಹುಡುಕುವ ಪುರುಸೊತ್ತು ಇರುವುದಿಲ್ಲ.

ಇದಕ್ಕಿಂತ ದೊಡ್ಡದೊಂದು ಕಾರಣ ನಮ್ಮ ಮಾತಿನಲ್ಲೇ ಇದೆ. "ಹೇಗಪ್ಪ ಇಷ್ಟು ವರ್ಷ ಸಂಸಾರ ಮಾಡಿದಿರಿ?" ಎಂದು ಕೇಳಿದರೆ "ಹಲ್ಲು ಕಚ್ಚಿ ಮಾಡಿದೆ" ಅನ್ನುತ್ತೇವೆ. ಅದು ಬರೀ ಮಾತಲ್ಲ. ಗಂಡ ಕುಡಿದು ಬರುವ ಹೊತ್ತಿಗೆ, ಮಗನ ಫೀಸಿನ ದಿನ ಹತ್ತಿರ ಬಂದಾಗ, ಬಾಯಿಗೆ ಬಂದ ಮಾತನ್ನು ನುಂಗುವಾಗ ದವಡೆ ನಿಜವಾಗಿಯೂ ಬಿಗಿಯುತ್ತದೆ. ಹಗಲು ಬಿಗಿದದ್ದು ರಾತ್ರಿ ನಿದ್ದೆಯಲ್ಲೂ ಮುಂದುವರಿಯುವುದುಂಟು. ಹಾಗೆಂದು "ಎಲ್ಲ ನಿನ್ನ ಮನಸ್ಸಿನಲ್ಲೇ ಇರುವುದು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೋವು ಸ್ನಾಯುವಿನಲ್ಲಿದೆ, ಕೀಲಿನಲ್ಲಿದೆ, ಒತ್ತಿದರೆ ಸಿಗುತ್ತದೆ.

ಇನ್ನೊಂದು ಮಾತು ಮೆಲ್ಲಗೆ ಹೇಳಬೇಕು. ಕೆನ್ನೆಗೆ ಏಟು ಬಿದ್ದ ಮೇಲೆ ಶುರುವಾದ ದವಡೆ ನೋವೂ ಇದೆ. ಡಾಕ್ಟರರು ಕೇಳಿದಾಗ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದು ಹೇಳುವವರಿದ್ದಾರೆ. ನಿಜ ಹೇಳಿದರೆ ಎಲುಬಿಗೆ ಪೆಟ್ಟಾಗಿದೆಯೇ ಎಂದು ಸರಿಯಾಗಿ ನೋಡುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನಮ್ಮ ತಂಡದವರ ಹತ್ತಿರವೂ ಹೇಳಬಹುದು, ಅದು ಸಂಘದ ಸಭೆಗೆ ಬರುವುದಿಲ್ಲ.

ಮಾತ್ರೆಯೇ ತಲೆನೋವಾದಾಗ

ಆ ಅಕ್ಕನಿಗೆ ಡಾಕ್ಟರರು ಕೇಳಿದ ಎರಡನೆಯ ಪ್ರಶ್ನೆ, "ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಿನ್ನುತ್ತೀರಿ?" ಇವರು "ಮೂವತ್ತು" ಅಂದರು.

ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ತಲೆನೋವು ಇದ್ದವರು ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ತಿಂದರೆ ಆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಸೇರಿಸಿದ ಮಿಶ್ರ ಮಾತ್ರೆಗಳಾದರೆ 10 ದಿನವೇ ಸಾಕು. ಹೊಟ್ಟೆಗೆ, ಮೂತ್ರಪಿಂಡಕ್ಕೆ ಆಗುವ ಹಾನಿ ಬೇರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಬಿ.ಪಿ., ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರರನ್ನು ಕೇಳದೆ ಅವನ್ನು ಮುಟ್ಟಲೇಬಾರದು. ಅಂಗಡಿಯವನು ಪಟ್ಟಿಯಿಂದ ಎರಡು ಹರಿದು ಕೊಡುತ್ತಾನೆ, ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ ದವಡೆಗಿಂತ ಈ ಹರಿದ ಪಟ್ಟಿಯೇ ನಮ್ಮ ಊರುಗಳ ದೊಡ್ಡ ರೋಗ.

ಆ ಅಕ್ಕ ಡಾಕ್ಟರರ ಮಾತಿನಂತೆ ಮಾತ್ರೆ ಬಿಟ್ಟರು. ಮೊದಲ ದಿನಗಳು ಬಹಳ ಕಷ್ಟ. ಹೀಗೆ ಬಿಟ್ಟಾಗ ಕಡಿಮೆಯಾಗುವ ಮೊದಲು ತಲೆನೋವು ಹೆಚ್ಚಾಗುವುದೇ ರೂಢಿ, ಹೆಚ್ಚಿನವರಿಗೆ ಎರಡು ನಾಲ್ಕು ದಿನದಿಂದ ಹತ್ತು ದಿನದವರೆಗೆ. ಇದು ಮೊದಲೇ ಗೊತ್ತಿಲ್ಲದವರು ಮೂರನೆಯ ದಿನ ಸೋತು ಅಂಗಡಿಗೆ ಹೋಗುತ್ತಾರೆ. ಇವರು ಹೋಗಲಿಲ್ಲ, ಯಾಕೆಂದರೆ ಸಂಘದವರು ಸರದಿಯಲ್ಲಿ ಮನೆಗೆ ಬಂದರು. ಒಬ್ಬರು ಗಂಜಿ ಬೇಯಿಸಿದರು, ಇಬ್ಬರು ಅವರ ಪಾಲಿನ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟರು. ಆ ವಾರದ ಮಜೂರಿ ತಪ್ಪಲಿಲ್ಲ. ಒಂದು ಎಚ್ಚರಿಕೆ: ಬಿಡುವುದು ತಲೆನೋವಿನ ಮಾತ್ರೆಯನ್ನು. ಬಿ.ಪಿ., ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ಮಾತ್ರೆ ಎಂದೂ ಬಿಡಬಾರದು. ನಿದ್ದೆಯ ಅಥವಾ ತೀರಾ ಬಲವಾದ ನೋವಿನ ಮಾತ್ರೆಗಳನ್ನು ಬಹಳ ಕಾಲ ತಿಂದವರು ಡಾಕ್ಟರರನ್ನು ಕೇಳಿಯೇ ನಿಧಾನವಾಗಿ ಬಿಡಬೇಕು.

ಮನೆಯಲ್ಲಿ ಏನು ಮಾಡಬಹುದು

ಮೊದಲನೆಯದು ಖರ್ಚಿಲ್ಲದ್ದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. 'ಲ' ಅನ್ನುವಾಗ ನಾಲಿಗೆಯ ತುದಿ ಎಲ್ಲಿ ತಾಗುತ್ತದೋ ಅಲ್ಲಿ ನಾಲಿಗೆ ಮೆಲ್ಲಗೆ ಇರಲಿ. ಹೇಳಲು ಸುಲಭ, ನೆನಪಿಡುವುದೇ ಕಷ್ಟ. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದರು. ಒಂದು ಕಟ್ಟು ಬೀಡಿ ಮುಗಿದಾಗಲೆಲ್ಲ ಹಲ್ಲು ಸಡಿಲ ಉಂಟಾ ಎಂದು ನೋಡುವುದು, ಹೆಗಲು ಕೆಳಗೆ ಬಿಡುವುದು, ಒಂದು ದೀರ್ಘ ಉಸಿರು. ಟೈಲರಿಂಗ್ ಮಾಡುವವರು ಬಾಬಿನ್ ಬದಲಿಸುವಾಗ ಮಾಡಿ. ಅಡಿಗೆ ಮನೆಯಲ್ಲಿ ಕುಕ್ಕರ್ ಕೂಗಿದಾಗ. ಜಪಸರ ಹೇಳುವವರು ಪ್ರತಿ ಹತ್ತು ಮಣಿಗೊಮ್ಮೆ ನೋಡಿಕೊಳ್ಳಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ನೋವು ಜೋರಿರುವ ಒಂದೆರಡು ವಾರ ಮೆತ್ತಗಿನ ಊಟ. ಅದಕ್ಕೆ ನಮ್ಮ ಕಡೆ ಏನೂ ಕೊರತೆ ಇಲ್ಲ. ಕುಚ್ಚಲಕ್ಕಿ ಗಂಜಿ, ಇಡ್ಲಿ, ನೀರುದೋಸೆ, ಬೇಯಿಸಿದ ಗೆಣಸು, ತೊವ್ವೆ, ಮೊಟ್ಟೆ, ಮೀನು. ಚಕ್ಕುಲಿ, ಒಣ ಕೊಬ್ಬರಿ, ಕಬ್ಬು, ಸುಟ್ಟ ಹಲಸಿನ ಬೀಜ, ಗಟ್ಟಿ ಮಾಂಸ ಆಗ ಬೇಡ. ಎರಡೂ ಬದಿಯಲ್ಲಿ ಅಗಿಯಿರಿ. ಯಾವಾಗಲೂ ಗಂಜಿಯನ್ನೇ ಕುಡಿಯಬೇಕೆಂದಲ್ಲ. ನೋವು ಇಳಿದ ಮೇಲೆ ಮೊದಲಿನ ಊಟಕ್ಕೇ ಬರಬೇಕು.

ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೂ ಹಣೆಯ ಬದಿಗೂ ಹತ್ತು ಹದಿನೈದು ನಿಮಿಷ ಇಡಿ, ದಿನಕ್ಕೆ ಎರಡು ಮೂರು ಸಲ. ಮೊದಲು ಕೈಗೆ ಮುಟ್ಟಿಸಿ ಬಿಸಿ ನೋಡಿ. ಆಮೇಲೆ ಬೆರಳ ತುದಿಯಿಂದ ಕೆನ್ನೆಯ ಸ್ನಾಯುವನ್ನು ಸುತ್ತ ತಿರುಗಿಸಿ ಮೆಲ್ಲಗೆ ತಿಕ್ಕಿ. ನಂತರ ನಾಲಿಗೆಯ ತುದಿಯನ್ನು ಮೊದಲು ಹೇಳಿದ ಜಾಗದಲ್ಲೇ ಇಟ್ಟು, ನಾಲಿಗೆ ಬಿಡದೆ ಎಷ್ಟು ಆಗುತ್ತದೋ ಅಷ್ಟೇ ಬಾಯಿ ತೆರೆದು ನಿಧಾನ ಮುಚ್ಚಿ. ಆರು ಸಲ ಸಾಕು. ನೋವು ಹೆಚ್ಚಾದರೆ ನಿಲ್ಲಿಸಿ.

ಆಕಳಿಕೆ ಬಂದಾಗ ಬಾಯಿ ಪೂರ್ತಿ ತೆರೆಯಬೇಡಿ. ಹಿರಿಯರು ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಾರಲ್ಲ, ಅದೇ ಕೈಯನ್ನು ಮುಷ್ಟಿ ಮಾಡಿ ಗದ್ದದ ಕೆಳಗೆ ಇಡಿ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಪಾತ್ರೆ ತೊಳೆಯುವುದು, ಗದ್ದಕ್ಕೆ ಕೈ ಕೊಟ್ಟು ಟಿ.ವಿ. ನೋಡುವುದು, ಬೋರಲು ಮಲಗುವುದು ಬಿಡಿ. ಅರ್ಧ ಗಂಟೆಗೊಮ್ಮೆ ತಡ್ಪೆ ಕೆಳಗಿಟ್ಟು ಎದ್ದು ನಿಲ್ಲಿ. "ಎದ್ದರೆ ಬೀಡಿ ಕಮ್ಮಿ ಆಗ್ತದೆ" ಎಂದು ಹೇಳುತ್ತೀರಿ, ಗೊತ್ತು. ಒಂದು ನಿಮಿಷಕ್ಕೆ ಎಷ್ಟು ಬೀಡಿ ಕಮ್ಮಿಯಾಗುತ್ತದೆ, ತಲೆನೋವಿನಿಂದ ಮಲಗಿದ ದಿನ ಎಷ್ಟು ಕಮ್ಮಿಯಾಗುತ್ತದೆ, ಲೆಕ್ಕ ಬರೆಯುವವರು ನೀವೇ.

ಇಷ್ಟರಿಂದಲೇ ಬಹಳ ಮಂದಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಇಳಿಯದಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ "ದವಡೆ ಕೀಲು ನೋಡಿ ಡಾಕ್ಟ್ರೇ" ಎಂದು ಬಾಯಿಬಿಟ್ಟು ಕೇಳಿ. ಫಿಸಿಯೋಥೆರಪಿ ಇದ್ದಲ್ಲಿ ವ್ಯಾಯಾಮ ಕಲಿಸುತ್ತಾರೆ. 2023ರಲ್ಲಿ ಬಿ.ಎಂ.ಜೆ. ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿಯೂ ಬಹಳ ಕಾಲದ ದವಡೆ ನೋವಿಗೆ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಆಪ್ತ ಸಲಹೆಯಂಥವುಗಳನ್ನೇ ಮುಂದಿಟ್ಟಿದೆ. ರಾತ್ರಿ ಹಲ್ಲಿಗೆ ಹಾಕುವ ನೈಟ್ ಗಾರ್ಡ್ ಎಂಬ ಕವಚ ಹಲ್ಲು ಸವೆಯದಂತೆ ಕಾಯುತ್ತದೆ, ಕೆಲವರಿಗೆ ಹಿತ ಆಗುತ್ತದೆ, ಆದರೆ ಅದೊಂದರಿಂದಲೇ ಎಲ್ಲ ಸರಿಯಾಗುತ್ತದೆ ಎಂದು ನಂಬಿ ದೊಡ್ಡ ಸಾಲ ಮಾಡಬೇಡಿ.

ಕೆಲವರಿಗೆ ಡಾಕ್ಟರರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆಯುತ್ತಾರೆ. ಅಕ್ಕನಿಗೂ ಬರೆದಿದ್ದರು. ಚೀಟಿ ನೋಡಿದ ಸಂಬಂಧಿಕರೊಬ್ಬರು "ಇದು ತಲೆ ಕೆಟ್ಟವರಿಗೆ ಕೊಡುದು" ಅಂದುಬಿಟ್ಟರು. ಅಕ್ಕ ಎರಡು ವಾರ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟರು, ತಿನ್ನಲಿಲ್ಲ. ಆ ಮಾತ್ರೆ ಖಿನ್ನತೆಗೂ ಇದೆ, ನರ-ಸ್ನಾಯುಗಳ ಬಹುಕಾಲದ ನೋವಿಗೂ ಇದೆ. ಒಂದೇ ಕತ್ತಿಯಲ್ಲಿ ತೆಂಗಿನಕಾಯಿಯನ್ನೂ ಕಡಿಯುತ್ತೇವೆ, ಸೌದೆಯನ್ನೂ ಕಡಿಯುತ್ತೇವಲ್ಲ. ಇನ್ನು ಮನಸ್ಸಿಗೇ ಭಾರವಿದ್ದರೆ ಅದಕ್ಕೂ ನಾಚಿಕೆ ಬೇಡ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಇಲ್ಲ. 2022ರಿಂದ ನಡೆಯುತ್ತಿದೆ.

ಇದು ದವಡೆಯದ್ದಲ್ಲ, ಓಡಿ

ನಮ್ಮ ಮಾತು ಕೇಳಿ ಯಾರೂ ಎಲ್ಲ ತಲೆನೋವಿಗೂ ಬಿಸಿ ಬಟ್ಟೆ ಇಟ್ಟು ಕೂರಬಾರದು. ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಒಂದು ಬದಿ ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ನಂತರದ ವಾಂತಿ, ಇವಕ್ಕೆಲ್ಲ ಕೂಡಲೇ 108. ಗರ್ಭಿಣಿಗೆ ತಲೆನೋವಿನ ಜೊತೆ ಮುಖ ಊದಿ ಕಣ್ಣು ಮಂಜಾದರೆ ಅದು ಬಿ.ಪಿ.ಯ ಅಪಾಯ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಹಣೆಯ ಬದಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋತು ಬರುವುದು ಇದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡ ಮಾಡಿದರೆ ಕಣ್ಣೇ ಹೋಗಬಹುದು. ಹತ್ತುವಾಗ, ನಡೆಯುವಾಗ ದವಡೆಗೆ ನೋವು ಬಂದು, ಎದೆ ಬಿಗಿತ, ಬೆವರು, ಉಬ್ಬಸ ಇದ್ದರೆ ಹೃದಯವನ್ನು ನೋಡಿಸಬೇಕು. ಗಾಯವಾದ ಕೆಲವು ದಿನಗಳಲ್ಲಿ ಬಾಯಿ ಬಿಗಿದು ತೆರೆಯಲಾಗದಿದ್ದರೆ ಧನುರ್ವಾಯು ಇರಬಹುದು. ಆಕಳಿಸಿ ತೆರೆದ ಬಾಯಿ ಮುಚ್ಚದೇ ಹೋದರೆ ಮನೆಯಲ್ಲಿ ಎಳೆದಾಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಎಲೆ ಅಡಿಕೆ ಹಾಕುವವರಿಗೆ ಬೇರೆಯೇ ಹೇಳಬೇಕು. ನಿಮ್ಮದೇ ತೋರು, ನಡು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಮೂರು ಬೆರಳು ಹಿಡಿಸಬೇಕು. ಎರಡು ಮಾತ್ರ ಹಿಡಿಸಿದರೆ, ಖಾರ ತಿಂದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಗಟ್ಟಿ ಬಿಳಿಪಟ್ಟಿ ಸಿಕ್ಕಿದರೆ ಅದು ಕೀಲಿನದ್ದಾಗಿರಲಿಕ್ಕಿಲ್ಲ. ಅಡಿಕೆ ಜಗಿಯುವುದರಿಂದ ಬಾಯಿಯ ಒಳಚರ್ಮ ನಾರುಗಟ್ಟುವ ಕಾಯಿಲೆ ಅದು, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆ ನಮ್ಮ ಜಿಲ್ಲೆಗಳಿಗೆ ಅನ್ನ ಕೊಡುವ ಬೆಳೆ, ತೋಟದ ಕೆಲಸದಿಂದಲೇ ನಮ್ಮಲ್ಲಿ ಹಲವರ ಮನೆ ನಡೆಯುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಸೇರಿಸದ ಅಡಿಕೆಯೂ ಕ್ಯಾನ್ಸರಕಾರಕ ಎಂದಿದೆ. ಹೇಳದೇ ಇರಲಾಗುವುದಿಲ್ಲ.

ಸಂಘದಲ್ಲಿ ಒಂದು ಪ್ರಶ್ನೆ

ಆ ಅಕ್ಕನ ನಂತರ ನಾವು ನಮ್ಮ ಸಂಘಗಳಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ತಲೆನೋವಿಗೆಂದು ಹಲ್ಲು ಕೀಳಿಸಲು, ಹಲ್ಲು ಉಜ್ಜಿ ಮಟ್ಟ ಮಾಡಿಸಲು, ದವಡೆ ಕೀಲಿನ ಆಪರೇಷನ್ ಮಾಡಿಸಲು ಸಾಲ ಕೇಳಿದರೆ, ಕೊಡುವ ಮೊದಲು "ಇನ್ನೊಬ್ಬ ಡಾಕ್ಟರರಲ್ಲಿ ತೋರಿಸಿದ್ದೀರಾ?" ಎಂದು ಕೇಳುತ್ತೇವೆ. ಬೇಕಾದರೆ ಬಸ್ಸಿನ ಖರ್ಚು ಸಂಘದ್ದು. ಹಲ್ಲು ಹುಳುಕಾಗಿ ಕೀವು ತುಂಬಿದ್ದರೆ ಅದರ ಮಾತು ಬೇರೆ, ಅದಕ್ಕೆ ಚಿಕಿತ್ಸೆ ಆಗಲೇಬೇಕು. ಆದರೆ ಕಿತ್ತ ಹಲ್ಲು, ಉಜ್ಜಿದ ಹಲ್ಲು ಮತ್ತೆ ಬರುವುದಿಲ್ಲ. ಈ ನೋವಿಗೆ ಮೊದಲು ಮಾಡಬೇಕಾದದ್ದು ಹಿಂದಕ್ಕೆ ತೆಗೆದುಕೊಳ್ಳಲು ಬರುವಂಥ ಚಿಕಿತ್ಸೆ ಮಾತ್ರ.

"ಮಗು ರಾತ್ರಿ ಹಲ್ಲು ಕಡಿಯುತ್ತದೆ, ಹೊಟ್ಟೆಯಲ್ಲಿ ಹುಳ ಉಂಟಾ?" ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಹುಳದಿಂದಲೇ ಎಂದು ಹೇಳಲಾಗದು. ಜಂತುಹುಳದ ಮಾತ್ರೆ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಕೊಟ್ಟಾಗ ತಿನ್ನಿಸಿ, ಅದು ಹೇಗೂ ಒಳ್ಳೆಯದು. ಹಲ್ಲು ಕಡಿಯುವುದು ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತ ತಾನಾಗಿ ಹೋಗುತ್ತದೆ. ಹಲ್ಲು ಸವೆದರೆ, ಬೆಳಗ್ಗೆ ತಲೆನೋವು ಎಂದರೆ, ಮಲಗಿದಾಗ ಜೋರಾಗಿ ಗೊರಕೆ ಇದ್ದರೆ ತೋರಿಸಿ.

ಆ ಅಕ್ಕ ಈಗ ಹೇಗಿದ್ದಾರೆ ಎಂದೂ ಕೇಳಿದಿರಿ. ಪೂರ್ತಿ ಗುಣವಾಯಿತು ಎಂದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ, ಮನೆಯಲ್ಲಿ ಜಗಳವಾದ ವಾರದಲ್ಲಿ ಈಗಲೂ ಬರುತ್ತದೆ. ಮೊದಲು ತಿಂಗಳಿಗೆ ಮೂವತ್ತು ದಿನ ಇದ್ದದ್ದು ಈಗ ನಾಲ್ಕೈದು ದಿನ. ಆ ಎರಡು ಹಲ್ಲಿನ ಜಾಗ ಹಾಗೇ ಖಾಲಿ ಇದೆ. ಇವತ್ತು ಅವರು ಈ ಸಭೆಯಲ್ಲೇ ಇದ್ದಾರೆ, ಯಾರೆಂದು ಹುಡುಕಬೇಡಿ.

ಹೋಗುವ ಮೊದಲು ಒಂದು ಕೆಲಸ. ನಿಮ್ಮ ಉಳಿತಾಯ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಈ ತಿಂಗಳ ತಾರೀಕುಗಳನ್ನು ಸಾಲಾಗಿ ಬರೆಯಿರಿ. ತಲೆನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ತಿಂದ ದಿನಕ್ಕೆ ಒಂದು ಸೊನ್ನೆ, ಏಳುವಾಗಲೇ ನೋವಿದ್ದರೆ 'ಬೆ', ಮುಟ್ಟಿನ ದಿನಗಳಿಗೆ ಒಂದು ಚುಕ್ಕಿ. ಬರೆಯಲು ಬಾರದವರಿಗೆ ಮಕ್ಕಳು ಹಾಕಿಕೊಡಲಿ. ಡಾಕ್ಟರರ ಬಳಿ ಹೋಗುವುದಾದರೆ ಈ ಪುಟ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ. ಮುಂದಿನ ತಿಂಗಳ ಸಭೆಗೆ ಬರುವಾಗ ಪುಸ್ತಕ ತನ್ನಿ. ಸೊನ್ನೆಗಳು ಹತ್ತು ದಾಟಿದವರ ಜೊತೆ ನಾವು ಪ್ರತ್ಯೇಕವಾಗಿ ಕೂತು ಮಾತನಾಡುತ್ತೇವೆ. ಆಸ್ಪತ್ರೆಗೆ ಹೋಗಬೇಕಾದವರ ಜೊತೆ ಬರಲು ನಮ್ಮಲ್ಲಿ ಇಬ್ಬರು ಬುಧವಾರ ಬಿಡುವು ಮಾಡಿಕೊಂಡಿದ್ದಾರೆ.